ಮೇಷ್ಟ್ರ ಒಂಬತ್ತನೇ ಫೋಟೊ

ತಿಪಟೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಪತ್ರಿಕೆಗೆ ಮೂರು ಪುಟದ ಕಾಗದ ಬರೆದಿದ್ದಾರೆ. ಜೊತೆಗೆ ಹನ್ನೆರಡು ಫೋಟೊ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಸಾರಾಂಶ ಇಷ್ಟು: “ಕಳೆದ ಸಂಚಿಕೆಯಲ್ಲಿ ಉತ್ತರಾಖಂಡದ ರುದ್ರಪ್ರಯಾಗ ಜಿಲ್ಲೆಯ ಬಗ್ಗೆ ಬಂದ ಪ್ರವಾಸ ಲೇಖನದಲ್ಲಿ ಕೇದಾರನಾಥಕ್ಕೆ ನಾಲ್ಕು ಸಾಲು, ಹೆಂಗಸರ ಹುಲ್ಲಿನ ಹೊರೆಗೆ ಎರಡು ಪುಟ. ಕೇದಾರದ ಪ್ರಧಾನ ಅರ್ಚಕರಾದ ರಾವಲರ ಪರಂಪರೆ ನಮ್ಮ ಕರ್ನಾಟಕದ್ದು ಎನ್ನುವ ಹೆಮ್ಮೆಯ ವಿಷಯಕ್ಕೆ ಒಂದೇ ವಾಕ್ಯ. ನಾನೂ ನಾಲ್ಕು ದಿನದಲ್ಲಿ ಇಡೀ ಜಿಲ್ಲೆ ನೋಡಿ ಬಂದೆ. ಅಲ್ಲಿ ಹೊಲಗಳು ಬೀಳು ಬಿದ್ದಿವೆ, ಗಂಡಸರು ಟೀ ಅಂಗಡಿಯಲ್ಲಿ ಇಸ್ಪೀಟು ಆಡುತ್ತಾರೆ. ರೋಪ್‌ವೇ ಬಂದರಷ್ಟೇ ಅವರ ಉದ್ಧಾರ.”

ಮೇಷ್ಟ್ರೇ, ಮೊದಲು ತಪ್ಪೊಪ್ಪಿಗೆ. ಲೇಖನದಲ್ಲಿ ಬಸ್ಸು, ಊಟ, ವಸತಿಯ ವಿವರ ಇರಬೇಕಿತ್ತು. ರಾವಲರ ವಿಷಯದಲ್ಲೂ ನಿಮ್ಮ ಮಾತು ನ್ಯಾಯವೇ. ವೀರಶೈವ ಜಂಗಮರು ಇಲ್ಲಿಂದ ಅಷ್ಟು ದೂರ ಹೋಗಿ ಆ ಪೀಠದಲ್ಲಿ ಕೂರುವುದು ಒಂದು ವಾಕ್ಯದಲ್ಲಿ ಮುಗಿಸುವ ಸಂಗತಿಯಲ್ಲ. ಇಸ್ಪೀಟು ನಾನೂ ನೋಡಿದ್ದೇನೆ. ಅಲ್ಲಿಗೆ ನಿಮ್ಮ ಪಾಲಿನ ಅಂಕ ಮುಗಿಯಿತು.

ಈಗ ನನ್ನ ಸರದಿ. ನಾಲ್ಕು ದಿನದಲ್ಲಿ ಇಡೀ ಜಿಲ್ಲೆ ನೋಡಿದೆ ಎಂದಿರಿ. ನಿಮ್ಮ ಕಾಗದದ ಪ್ರಕಾರ ನೀವು ನೋಡಿದ್ದು ರುದ್ರಪ್ರಯಾಗದ ಸಂಗಮ, ಗುಪ್ತಕಾಶಿಯ ಹೋಟೆಲು, ಫಾಟಾದ ಹೆಲಿಪ್ಯಾಡು, ಮೇಲೆ ದೇವಸ್ಥಾನ. ಅದು ಜಿಲ್ಲೆಯಲ್ಲ ಸ್ವಾಮಿ, ರಸ್ತೆ. ಮಂದಾಕಿನಿಯ ಪಕ್ಕದಲ್ಲಿ ಹೋಗುವ ಒಂದು ರಸ್ತೆ. ರಾವಲರ ಮೇಲೆ ಅಷ್ಟು ಅಭಿಮಾನ ಇರುವ ನೀವು ಅವರ ಪೀಠ ಇರುವ ಊಖೀಮಠಕ್ಕೆ ಹೋಗಲೇ ಇಲ್ಲ! ಗುಪ್ತಕಾಶಿಯಿಂದ ನೋಡಿದರೆ ಕಣಿವೆಯ ಆಚೆ ದಡದಲ್ಲೇ ಕಾಣುತ್ತದೆ. ಚಳಿಗಾಲದಲ್ಲಿ ಕೇದಾರನ ಡೋಲಿ ಇಳಿದು ಬರುವುದು ಅಲ್ಲಿನ ಓಂಕಾರೇಶ್ವರ ಗುಡಿಗೆ. ಕೇದಾರದ ಬಾಗಿಲು ಮತ್ತೆ ತೆರೆಯುವ ದಿನವನ್ನು ಶಿವರಾತ್ರಿಯಂದು ಸಾರುವುದೂ ಅಲ್ಲೇ.

ನಾನು ಅಲ್ಲಿಗೆ ಹೋದದ್ದು ಭಕ್ತಿಯಿಂದಲ್ಲ, ಗುಡ್ಡ ಕುಸಿದಿದ್ದರಿಂದ. ಜೀಪಿನವನು ಬ್ಯಾಗು ಇಳಿಸಿ, ನಾಳೆ ನೋಡೋಣ ಅಂದ. ಮೇಲಿನ ಹಳ್ಳಿಯ ಒಬ್ಬ ಅಜ್ಜಿ ಮನೆಗೆ ಕರೆದರು. ಒಲೆಯ ಮುಂದೆ ಕೂರಿಸಿ ಕಪ್ಪಗಿನ ದಪ್ಪ ರೊಟ್ಟಿ, ಮೇಲೊಂದು ಬೆಣ್ಣೆಯ ಉಂಡೆ, ಪಕ್ಕದಲ್ಲಿ ಬೇಳೆ ಬಡಿಸಿದರು. ರೊಟ್ಟಿಯ ಹೆಸರು ಮಂಡುವಾ, ಬೇಳೆಯ ಹೆಸರು ಗಹತ್ ಎಂದರು. ಒಂದು ತುತ್ತು ಬಾಯಿಗಿಟ್ಟೆ. ಮೇಷ್ಟ್ರೇ, ಅದು ರಾಗಿ! ಬೇಳೆ ಅಂದದ್ದು ನಮ್ಮ ಹುರುಳಿ! ತಿಪಟೂರಿನವರಾದ ನೀವು ಗುಪ್ತಕಾಶಿಯ ಹೋಟೆಲಿನಲ್ಲಿ ನಾಲ್ಕು ದಿನ ಪನೀರು ತಿಂದು, ಬಾಯಿ ಕೆಟ್ಟಿತು ಎಂದು ಬರೆದಿದ್ದೀರಿ. ನಾಲಿಗೆಗೆ ಬೇಕಾದದ್ದು ಅರ್ಧ ಗಂಟೆ ಮೇಲೆ ಹತ್ತಿದ್ದರೆ ಸಿಗುತ್ತಿತ್ತು.

ಆ ಮನೆಯಲ್ಲಿ ಗಂಡಸರು ಯಾರೂ ಇರಲಿಲ್ಲ. ಮಗ ದೆಹಲಿಯ ಹೋಟೆಲೊಂದರಲ್ಲಿ ಅಡುಗೆಯವನು. ಸೊಸೆ ಹುಲ್ಲಿಗೆ ಹೋಗಿದ್ದವಳು ಹೊತ್ತು ಮುಳುಗುವ ಮುಂಚೆ ಬಂದಳು. ಮೊದಲು ಕಂಡದ್ದು ಹುಲ್ಲು, ಆಮೇಲೆ ಎರಡು ಪಾದ. ಅಂಗಳದ ಕಟ್ಟೆಗೆ ಬೆನ್ನು ಕೊಟ್ಟು ಕೂತು, ಹಗ್ಗ ಸಡಿಲಿಸಿ, ಹೊರೆಯಿಂದ ಕಳಚಿಕೊಂಡ ಮೇಲೆ ಅಲ್ಲೊಬ್ಬ ಹೆಂಗಸು ಇದ್ದಾಳೆಂದು ಗೊತ್ತಾಯಿತು. ಸೊಂಟದ ಪಟ್ಟಿಯಲ್ಲಿ ಕುಡುಗೋಲು, ಎರಡೂ ಮುಂಗೈಯಲ್ಲಿ ಗೀರು. ಬಾಂಜ್ ಎಂದು ಕರೆಯುವ ಓಕ್ ಮರ ಹತ್ತಿ ಸೊಪ್ಪು ತರಿದ ಗೀರು. ನೀರು ಕುಡಿದವಳೇ ಎಮ್ಮೆಯ ಹಾಲು ಕರೆಯಲು ಹೋದಳು.

ಗಂಡಸರು ಇಸ್ಪೀಟು ಆಡುತ್ತಾರೆ ಎನ್ನುತ್ತೀರಿ. ಆಡಲಾದರೂ ಊರಲ್ಲಿ ಗಂಡಸರು ಇರಬೇಕಲ್ಲ! 2011ರ ಜನಗಣತಿಯಲ್ಲಿ ಆ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,114 ಹೆಂಗಸರು. ಹೆಣ್ಣುಮಕ್ಕಳ ಸಂಖ್ಯೆ ಹೆಚ್ಚೆಂದು ಹಿಗ್ಗುವ ಹಾಗಿಲ್ಲ, ಗಂಡುಮಕ್ಕಳು ಬಸ್ಸು ಹತ್ತಿದ್ದಾರೆ ಎಂದು ಓದಿಕೊಳ್ಳಬೇಕು. ಹೊಲ ಬೀಳು ಬಿದ್ದದ್ದೂ ಸೋಮಾರಿತನದಿಂದಲ್ಲ. ಒಂದೊಂದು ಮನೆಯ ಜಮೀನು ಗುಡ್ಡದ ಮೇಲೊಂದು ಮೆಟ್ಟಿಲು, ಕೆಳಗೊಂದು ಮೆಟ್ಟಿಲಾಗಿ ಹರಿದು ಹಂಚಿಹೋಗಿದೆ. ಬೆಳೆದದ್ದನ್ನು ಹಗಲು ಮಂಗ, ರಾತ್ರಿ ಕಾಡುಹಂದಿ ನೋಡಿಕೊಳ್ಳುತ್ತವೆ. ಉತ್ತರಾಖಂಡದ ವಲಸೆ ಆಯೋಗ 2018ರಲ್ಲಿ ಕೊಟ್ಟ ಲೆಕ್ಕದಲ್ಲಿ, 2011ರಿಂದ ಈಚೆಗೆ ರಾಜ್ಯದಲ್ಲಿ 734 ಹಳ್ಳಿಗಳು ಪೂರ್ತಿ ಖಾಲಿ.

ಇನ್ನು ನೀವು ಹೆಲಿಕಾಪ್ಟರ್ ಹತ್ತಿದ ಫಾಟಾ. ಅದರ ಬಗ್ಗೆ “ವ್ಯವಸ್ಥೆ ಚೆನ್ನಾಗಿದೆ” ಎಂದಷ್ಟೇ ಬರೆದಿದ್ದೀರಿ. 1973ರಲ್ಲಿ ಪಕ್ಕದ ಚಮೋಲಿಯ ಮಂಡಲ್ ಕಾಡಿನಲ್ಲಿ ಕ್ರೀಡಾ ಸಾಮಗ್ರಿ ಕಂಪನಿಯೊಂದಕ್ಕೆ ಮರ ಕಡಿಯಲು ಜನ ಬಿಡಲಿಲ್ಲ. ಆಗ ಅದೇ ಕಂಪನಿಗೆ ಇಲ್ಲಿನ ಫಾಟಾ-ರಾಂಪುರದ ಕಾಡು ತೋರಿಸಿದರು. ಇಲ್ಲಿಯವರೂ ಬಿಡಲಿಲ್ಲ. ಮರ ಅಪ್ಪಿಕೊಂಡು ಉಳಿಸುವ ಈ ಚಳವಳಿಯನ್ನು ಚಿಪ್ಕೋ ಎಂದು ನೀವು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿರುತ್ತೀರಿ, ಆ ಪಾಠದ ಮೇಲೇ ನಿಂತು ಟಿಕೆಟಿಗೆ ಕಾದಿದ್ದೀರಿ.

ರೋಪ್‌ವೇ ಬರಲಿ. ಸೋನ್‌ಪ್ರಯಾಗದಿಂದ 12.9 ಕಿಲೋಮೀಟರಿನದ್ದಕ್ಕೆ 2025ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಾಗಿದೆ, ಮಂಡಿ ನೋವಿನವರಿಗೆ ಅನುಕೂಲವೇ. ಆದರೆ ಗೌರಿಕುಂಡದಿಂದ ಹೇಸರಗತ್ತೆ ಹೊಡೆಯುವವನು, ದಾರಿಯಲ್ಲಿ ಮ್ಯಾಗಿ ಬೇಯಿಸುವವನು ಇದರಿಂದ ಹೇಗೆ ಉದ್ಧಾರವಾಗುತ್ತಾನೆ ಎಂದು ನಿಮ್ಮ ಮೂರು ಪುಟದಲ್ಲಿ ಹುಡುಕಿದೆ, ಸಿಗಲಿಲ್ಲ. ಜಿಲ್ಲೆಯ ಜನಸಂಖ್ಯೆ 2011ರಲ್ಲಿ ಎರಡೂವರೆ ಲಕ್ಷವೂ ಇಲ್ಲ, 2,42,285. ಕೇದಾರಕ್ಕೆ 2023ರ ಒಂದೇ ಋತುವಿನಲ್ಲಿ ಬಂದವರು 19 ಲಕ್ಷಕ್ಕೂ ಹೆಚ್ಚು. ಮೂರು ಜನರ ಮನೆಗೆ ಇಪ್ಪತ್ನಾಲ್ಕು ಜನ ನೆಂಟರು ಬಂದ ಲೆಕ್ಕ. ನೀರು ಸೇದುವವರು ಯಾರು, ಕಕ್ಕಸು ತೊಳೆಯುವವರು ಯಾರು? 2013ರ ಜೂನ್ 16-17ರ ಪ್ರವಾಹದಲ್ಲಿ ಯಾತ್ರಿಕರು ಸತ್ತದ್ದು ನಮಗೆಲ್ಲ ಗೊತ್ತು. ಋತುವಿನ ದುಡಿಮೆಗೆಂದು ಮೇಲೆ ಹೋಗಿದ್ದ ಮಂದಾಕಿನಿ ಕಣಿವೆಯ ಗಂಡಸರು, ಶಾಲೆ ಓದುವ ಹುಡುಗರು ಸಹ ವಾಪಸು ಬರಲಿಲ್ಲ. ಕೆಲವು ಹಳ್ಳಿಗಳಲ್ಲಿ ಮನೆಮನೆಗೂ ವಿಧವೆಯರು. ದೇವಸ್ಥಾನದ ಹಿಂದೆ ಬಂದು ನಿಂತು ಪ್ರವಾಹದಿಂದ ಅದನ್ನು ಉಳಿಸಿತು ಎನ್ನುವ ಬಂಡೆಯ ಪವಾಡಕ್ಕೆ ನೀವು ಅರ್ಧ ಪುಟ ಕೊಟ್ಟಿದ್ದೀರಿ.

ನಿಮ್ಮೊಬ್ಬರನ್ನೇ ಅಂದು ಏನು ಪ್ರಯೋಜನ! ನನ್ನ ಮೇಜಿನ ಮೇಲೆ ತಿಂಗಳಿಗೆ ಹತ್ತಾರು ಪ್ರವಾಸ ಲೇಖನ ಬೀಳುತ್ತವೆ. ಎಲ್ಲರೂ ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಾರೆ, ಎಲ್ಲರಿಗೂ ಹಿಮದ ಮೇಲೆ ಚಿನ್ನದ ಬಿಸಿಲು, ಎಲ್ಲರೂ “ಧನ್ಯತಾಭಾವ”ದಿಂದ ವಾಪಸಾಗುತ್ತಾರೆ. ಡ್ರೈವರಿನ ಮನೆಯಲ್ಲಿ ಎಷ್ಟು ಮಕ್ಕಳೆಂದು ಕೇಳಿದವರಿಲ್ಲ. ಅಪರೂಪಕ್ಕೆ ಒಬ್ಬ ಲೇಖಕಿ ಹುಲ್ಲಿನ ಹೊರೆ ಎತ್ತಿ ನೋಡಿ, ಎತ್ತಲಾಗದೆ ಕೆಳಗಿಟ್ಟು ಬರೆದರೆ, ದೇವರೆಲ್ಲಿ ಎಂದು ಕಾಗದ ಬರುತ್ತದೆ.

ಆದರೂ ನಿಮಗೆ ಋಣಿ, ಮೇಷ್ಟ್ರೇ. ನಿಮ್ಮ ಒಂಬತ್ತನೇ ಫೋಟೊ ನೋಡಿಕೊಂಡಿದ್ದೀರಾ? ತಿರುವಿನಲ್ಲಿ ಕಾರು ನಿಲ್ಲಿಸಿ, ಶಾಲು ಹೊದ್ದು, ಹಿಮದ ಕಡೆ ಕೈ ತೋರಿಸುತ್ತಿದ್ದೀರಿ. ನಿಮ್ಮ ಮೊಣಕೈ ಹಿಂದೆ ಒಂದು ಹೊರೆ, ಅದರ ಕೆಳಗೆ ಎರಡು ಪಾದ. ಫೋಟೊಗೆ ಅಡ್ಡ ಬರಬಾರದೆಂದು ಆಕೆ ರಸ್ತೆ ಬಿಟ್ಟು ಚರಂಡಿಯ ಅಂಚಿನಲ್ಲಿ ನಿಂತಿದ್ದಾಳೆ. ಕ್ಯಾಮೆರಾ ಕೆಳಗಿಳಿಯುವವರೆಗೆ ಅಷ್ಟು ಭಾರ ಹೊತ್ತು ಕಾದಿರಬೇಕು.

ಆ ಚಿತ್ರವನ್ನು ಈ ಪುಟದಲ್ಲೇ ಹಾಕಿದ್ದೇವೆ. ಜಾಗ ಸಾಲದೆ ನಿಮ್ಮನ್ನು ಕತ್ತರಿಸಬೇಕಾಯಿತು, ಮೊಣಕೈ ಮಾತ್ರ ಉಳಿದಿದೆ. ಕ್ಷಮೆ ಇರಲಿ.

— ಸಂ.