ಚೋಕಾಯ್ ಡೆಕ್ ಮರದ್ದಲ್ಲ, ವಾಶ್ ಹಾಕುವ ಮೊದಲು ಓದಿ

ನಿಮ್ಮ ಚೋಕಾಯ್ ಫೋಟೋ ನೋಡಿದೆ ಸರ್, ಎರಡನೇ ಮಹಾಯುದ್ಧದ ಜಪಾನಿ ಕ್ರೂಸರ್ ಹಡಗಿನ 1/700 ಅಳತೆಯ ಪ್ಲಾಸ್ಟಿಕ್ ಮಾದರಿ. ಡೆಕ್ಕಿಗೆ ಮರದ ಬಣ್ಣ ಹೊಡೆದಿದ್ದೀರಿ, ಹಲಗೆ ಎದ್ದು ಕಾಣೋಕೆ ಯಾವ ವಾಶ್ (ಸಂದಿಗೆ ಇಳಿಯುವ ತೆಳು ಬಣ್ಣ) ಹಾಕಲಿ ಅಂತ ಕೇಳಿದ್ದೀರಿ. ದಯವಿಟ್ಟು ಅಲ್ಲೇ ನಿಲ್ಲಿಸಿ. ನನ್ನ ಮೊದಲ ಅಟಾಗೊದಲ್ಲೂ ಇದೇ ಆಗಿತ್ತು. ಬ್ಯಾಟಲ್‌ಶಿಪ್ ಯಮಾಟೊ ಮಾಡಿದ ಕೈ ತಾನಾಗಿ ಅದೇ ಮರದ ಬಣ್ಣದ ಡಬ್ಬಿಗೆ ಹೋಗುತ್ತದೆ.

ಮರದ ಡೆಕ್ ಬ್ಯಾಟಲ್‌ಶಿಪ್‌ಗಳಿಗೆ. ಟಕಾವೊ ಕ್ಲಾಸಿನ (ಒಂದೇ ವಿನ್ಯಾಸದ) ನಾಲ್ಕು ಕ್ರೂಸರ್‌ಗಳಿಗೂ, ಅಂದರೆ ಟಕಾವೊ, ಅಟಾಗೊ, ಮಾಯಾ, ಚೋಕಾಯ್‌ಗೆ, ಉಕ್ಕಿನ ಡೆಕ್ ಮೇಲೆ ಕೆಂಪು ಕಂದು ಲಿನೋಲಿಯಂ, ಅಂದರೆ ನೆಲಕ್ಕೆ ಹಾಸುವ ಹಾಳೆ. ಅದನ್ನು ಹಿಡಿದಿಡೋಕೆ ಹಿತ್ತಾಳೆ ಪಟ್ಟಿ. ಕಿಟ್‌ನಲ್ಲಿ ಉಬ್ಬಿರುವ ಗೆರೆ ನೋಡಿ, ಅಡ್ಡಡ್ಡ ಹೋಗಿದೆ. ಹಲಗೆಯಾಗಿದ್ದರೆ ಮುಂದಿನಿಂದ ಹಿಂದಕ್ಕೆ ಉದ್ದಕ್ಕೆ ಹೋಗಬೇಕಿತ್ತು ಅಲ್ವಾ? ಲಂಗರಿನ ಸರಪಳಿ ಇರುವ ಮೂತಿ ಭಾಗ ಬರೀ ಉಕ್ಕು, ಅಲ್ಲಿ ಬೂದು ಬಣ್ಣವೇ.

ಈಗ ಆ ಪಟ್ಟಿಗಳ ವಿಷಯ. ಸಣ್ಣ ಬ್ರಷ್‌ನಲ್ಲಿ ಒಂದೊಂದೇ ಗೆರೆ ಎಳೆಯಲು ಹೋಗಬೇಡಿ, ಕೈ ನಡುಗಿದರೆ ಮುಗಿಯಿತು. ಮೊದಲು ಇಡೀ ಡೆಕ್ಕಿಗೆ ಮಂಕಾದ ಹಿತ್ತಾಳೆ ಬಣ್ಣ, ಲ್ಯಾಕರ್‌ನಲ್ಲಿ. ಒಂದು ದಿನ ಪೂರ್ತಿ ಒಣಗಲಿ. ಅದರ ಮೇಲೆ ತಮಿಯಾ ಕಂಪನಿಯ ಎಕ್ಸ್‌ಎಫ್-79 (ಲಿನೋಲಿಯಂ ಕಂದು) ಅಕ್ರಿಲಿಕ್, ತೆಳ್ಳಗೆ ಎರಡು ಮೂರು ಸಲ. ಆಮೇಲೆ ಚಪ್ಪಟೆ ರಬ್ಬರಿಗೆ ಹಳೇ ಬನಿಯನ್ ಬಟ್ಟೆ ಬಿಗಿಯಾಗಿ ಸುತ್ತಿ, ಅಕ್ರಿಲಿಕ್‌ನ ಎಕ್ಸ್-20ಎ ಥಿನ್ನರ್ ಸ್ವಲ್ಪ ತಾಗಿಸಿ, ಟಿಶ್ಯೂ ಮೇಲೆ ಒತ್ತಿ ತೆಗೆದು, ಡೆಕ್ ಮೇಲೆ ಹಗುರವಾಗಿ ಸವರಿ. ಉಬ್ಬಿದ ಗೆರೆಯ ತುದಿಯಿಂದ ಮಾತ್ರ ಕಂದು ಎದ್ದು ಹಿತ್ತಾಳೆ ಕಾಣುತ್ತದೆ. ಕಾಟನ್ ಬಡ್ ಬೇಡ, ಅದು ಮೆತ್ತಗೆ ತಗ್ಗಿಗೂ ಇಳಿಯುತ್ತದೆ. ಬಟ್ಟೆ ಒದ್ದೆ ಅನಿಸಿದರೆ ಥಿನ್ನರ್ ಇನ್ನೂ ಜಾಸ್ತಿ ಇದೆ ಅಂತ ಅರ್ಥ. ಕ್ರಮ ಉಲ್ಟಾ ಮಾಡಬೇಡಿ, ಅಕ್ರಿಲಿಕ್ ಮೇಲೆ ಲ್ಯಾಕರ್ ಹೊಡೆದರೆ ಕೆಳಗಿನದನ್ನು ತಿಂದುಹಾಕುತ್ತದೆ. ಮಳೆಗಾಲದಲ್ಲಿ ಲ್ಯಾಕರ್ ಬೆಳ್ಳಗೆ ಮಂಜು ಕಟ್ಟುತ್ತದೆ, ಬಿಸಿಲು ಬಂದ ದಿನ ಹೊಡೆಯಿರಿ. ಹೊಳೆಯುವ ಚಿನ್ನದ ಬಣ್ಣವಂತೂ ಬೇಡವೇ ಬೇಡ, ಸಮುದ್ರದ ಗಾಳಿಗೆ ಹಿತ್ತಾಳೆ ಹಾಗೆ ಉಳಿಯಲ್ಲ.

ಇನ್ನೊಂದು ಕಣ್ಣಿಗೆ ಬಿತ್ತು. ಪಕ್ಕದಲ್ಲಿ ಇಟ್ಟುಕೊಂಡಿರುವ ಫೋಟೋ ಟಕಾವೊದ್ದು. ಸುಮ್ನೆ ಒಂದೇ ಕ್ಲಾಸ್ ಅಂತ ನಕಲು ಮಾಡಬೇಡಿ. ಟಕಾವೊ, ಅಟಾಗೊ ಎರಡೂ 1938-39ರಲ್ಲಿ ಆಧುನೀಕರಣಕ್ಕೆ ಹೋಗಿ ಬ್ರಿಡ್ಜ್ (ಹಡಗು ನಡೆಸುವ ಮೇಲ್ಕಟ್ಟಡ) ಚಿಕ್ಕದಾಯಿತು, ಹಿಂದಿನ ಮಾಸ್ಟ್ (ಕಂಬ) ಇನ್ನೂ ಹಿಂದಕ್ಕೆ ಹೋಯಿತು, ಟಾರ್ಪಿಡೊ ಟ್ಯೂಬ್ ನಾಲ್ಕರ ಗುಂಪಾಯಿತು. ಚೋಕಾಯ್‌ಗೆ ಆ ಭಾಗ್ಯ ಸಿಗಲೇ ಇಲ್ಲ. 1944ರ ಅಕ್ಟೋಬರ್‌ನಲ್ಲಿ ಫಿಲಿಪ್ಪೀನ್ಸ್‌ನ ಸಮಾರ್ ದ್ವೀಪದ ಬಳಿ ಮುಳುಗುವವರೆಗೂ ಅದೇ ದೊಡ್ಡ ಬ್ರಿಡ್ಜ್, ಜೋಡಿ ಟ್ಯೂಬ್, ಒಂಟಿ 12 ಸೆಂ.ಮೀ. ಗನ್. ಮಾಯಾ ಮಾಡುವವರು ಇನ್ನೂ ಹುಷಾರಾಗಿರಬೇಕು. 1943ರ ನವೆಂಬರ್‌ನಲ್ಲಿ ಪೆಸಿಫಿಕ್‌ನ ರಬೌಲ್ ಬಂದರಿನಲ್ಲಿ ಏಟು ತಿಂದ ಮೇಲೆ ಅದರ ಮೂರನೇ ಟರೆಟ್ಟೇ (ತಿರುಗುವ ಫಿರಂಗಿ ಗೋಪುರ) ಇಲ್ಲ, ಆ ಜಾಗದಲ್ಲಿ ವಿಮಾನ ನಿರೋಧಕ ಗನ್. ಬಾಕ್ಸ್ ಮೇಲಿನ ವರ್ಷ ನೋಡದೆ ಟರೆಟ್ ಅಂಟಿಸುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರ.

ನೀವು 1942ರ ಏಪ್ರಿಲ್ ರೂಪ ಮಾಡುತ್ತಿದ್ದೀರಿ ಅಂತ ಬರೆದಿದ್ದು ಖುಷಿಯಾಯಿತು. ಜಪಾನಿ ಅಡ್ಮಿರಲ್ ಒಜಾವಾ ಬಂಗಾಳ ಕೊಲ್ಲಿಗೆ ಬಂದಾಗ ಇದೇ ಹಡಗು ಅವರ ಫ್ಲ್ಯಾಗ್‌ಶಿಪ್ (ನಾಯಕ ಹಡಗು). ಜೊತೆಗಿದ್ದ ವಿಮಾನವಾಹಕ ಹಡಗು ರ್ಯೂಜೊದ ವಿಮಾನಗಳೇ ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬ್ ಹಾಕಿದ್ದು. ನಮ್ಮ ಕಡಲಿಗೆ ಬಂದ ಹಡಗು, ಸರಿಯಾಗಿಯೇ ಮಾಡೋಣ.

ಬೂದು ಬಣ್ಣಕ್ಕೆ ತಮಿಯಾದಲ್ಲಿ ಕುರೆ, ಸಸೆಬೊ, ಮೈಜುರು, ಯೊಕೊಸುಕಾ ಅಂತ ಜಪಾನಿ ನೌಕಾನೆಲೆಗಳ ಹೆಸರಿನಲ್ಲಿ ನಾಲ್ಕಿವೆ. ಹಡಗು ಎಲ್ಲಿ ಕಟ್ಟಿದ್ದು ಅಂತ ನೋಡಬೇಡಿ, ಕೊನೆಗೆ ಎಲ್ಲಿ ಬಣ್ಣ ಬಳಿದರು ಅನ್ನೋದು ಮುಖ್ಯ. ಚಿಮಣಿ ತುದಿಗೆ ಕಪ್ಪು ಮರೆಯಬೇಡಿ.

ಈಗ ಇರುವ ಡೆಕ್ ಉಳಿಸಬಹುದು. ಹೊಡೆದಿದ್ದು ಅಕ್ರಿಲಿಕ್ ಆದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಬಿಡುತ್ತದೆ, ಹಳೇ ಟೂತ್‌ಬ್ರಷ್ ಸಾಕು. ಲ್ಯಾಕರ್ ಆಗಿದ್ದರೆ ಕೀಳಲು ಹೋಗಬೇಡಿ, ಪ್ಲಾಸ್ಟಿಕ್ ಹಾಳಾಗುತ್ತದೆ. ಅದರ ಮೇಲೆಯೇ ಹಿತ್ತಾಳೆ ಬಣ್ಣ ತೆಳ್ಳಗೆ ಹೊಡೆದು ಮುಂದುವರಿಸಿ. ಬ್ರಿಡ್ಜ್ ಇನ್ನೂ ಅಂಟಿಸಿಲ್ಲ ತಾನೆ? ಯಾವ ಬಣ್ಣ ಬಳಸಿದ್ದು ಅಂತ ಇಲ್ಲೇ ತಿಳಿಸಿ.