ಫೈಬ್ರಾಯ್ಡ್ ಎಂದುಕೊಂಡದ್ದು ಸಾರ್ಕೋಮಾ ಆಗಿದ್ದರೆ

ಪ್ರಶ್ನೆ: ನನ್ನ ಅಕ್ಕನಿಗೆ 56 ವರ್ಷ. ಸ್ಕ್ಯಾನಿಂಗ್‌ನಲ್ಲಿ ಫೈಬ್ರಾಯ್ಡ್ ಎಂದಿದ್ದರು. ಗರ್ಭಕೋಶ ತೆಗೆದ ನಂತರದ ವರದಿಯಲ್ಲಿ ‘ಲಿಯೋಮಯೋಸಾರ್ಕೋಮಾ’ ಎಂದಿದೆ. ಇದು ಮೊದಲೇ ಏಕೆ ತಿಳಿಯಲಿಲ್ಲ? ಮುಂದೇನು ಮಾಡಬೇಕು?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ. ಗರ್ಭಕೋಶದ ಸ್ನಾಯುವಿನಲ್ಲಿ ಹುಟ್ಟುವ ಈ ಅಪರೂಪದ ಕ್ಯಾನ್ಸರ್ ಸ್ಕ್ಯಾನಿಂಗ್‌ನಲ್ಲಿ ಕ್ಯಾನ್ಸರ್ ಅಲ್ಲದ ಸಾಮಾನ್ಯ ಗೆಡ್ಡೆಯಾದ ಫೈಬ್ರಾಯ್ಡ್‌ನಂತೆಯೇ ಕಾಣಬಹುದು. ಎಂಆರ್‌ಐ ಸಂಶಯ ಮೂಡಿಸಬಲ್ಲದೇ ಹೊರತು ಖಚಿತಪಡಿಸಲಾರದು, ಒಳಪದರದಿಂದ ತೆಗೆದ ಚೂರಿನ ಪರೀಕ್ಷೆಯಲ್ಲೂ ಸ್ನಾಯುವಿನ ಆಳದ ಗೆಡ್ಡೆ ತಪ್ಪಿಹೋಗಬಹುದು. ಕೊನೆಗೆ ನಿರ್ಣಯವಾಗುವುದು ಸೂಕ್ಷ್ಮದರ್ಶಕದಡಿಯ ಗಾಜಿನ ಸ್ಲೈಡಿನಲ್ಲಿ: ವಿಕಾರಗೊಂಡ ಕೋಶಗಳು, ಹೆಚ್ಚಿದ ಕೋಶವಿಭಜನೆ, ಅಲ್ಲಲ್ಲಿ ಸತ್ತ ಅಂಗಾಂಶ. ಆದುದರಿಂದ ಮೊದಲು ಆ ಸ್ಲೈಡು ಮತ್ತು ಅಂಗಾಂಶವನ್ನು ಹುದುಗಿಸಿಟ್ಟ ಮೇಣದ ಬ್ಲಾಕ್‌ಗಳನ್ನು ಪಡೆದು, ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಸಂಸ್ಥೆಯಲ್ಲಿ ಮರುಪರಿಶೀಲನೆ ಮಾಡಿಸಿ. ಗೆಡ್ಡೆಯನ್ನು ಇಡಿಯಾಗಿ ತೆಗೆದರೋ, ಹೊಟ್ಟೆಯೊಳಗೇ ತುಂಡರಿಸಿ ತೆಗೆದರೋ ಎಂಬುದನ್ನು ಶಸ್ತ್ರಚಿಕಿತ್ಸಕರಲ್ಲಿ ತಪ್ಪದೆ ಕೇಳಿ. ತುಂಡರಿಸಿದರೆ ಕ್ಯಾನ್ಸರ್ ಕೋಶಗಳು ಹರಡುವ ಅಪಾಯವಿದ್ದು, ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಎಚ್ಚರಿಸಿದ್ದೂ ಇದರ ಬಗ್ಗೆಯೇ. ಇದು ಶ್ವಾಸಕೋಶಕ್ಕೆ ಹರಡುವುದು ಹೆಚ್ಚಾದ್ದರಿಂದ ಎದೆಯ ಸಿಟಿ ಸ್ಕ್ಯಾನ್ ಅಗತ್ಯ. ಗರ್ಭಕೋಶಕ್ಕೆ ಸೀಮಿತವಾಗಿದ್ದು ಪೂರ್ತಿ ತೆಗೆದಿದ್ದರೆ ಅನೇಕರಿಗೆ ನಿಯಮಿತ ತಪಾಸಣೆಯ ನಿಗಾ ಸಾಕಾಗುತ್ತದೆ. ಹರಡಿದ್ದರೆ ಸಾಮಾನ್ಯವಾಗಿ ಡಾಕ್ಸೋರುಬಿಸಿನ್ ಎಂಬ ಔಷಧ ಒಳಗೊಂಡ ಕಿಮೊಥೆರಪಿ ನೀಡುತ್ತಾರೆ.