ಓದುಗರ ಪ್ರಶ್ನೆ: ಜೂಜಿನ ಖಾತೆಯಲ್ಲಿ ಚಟದ ಸುಳಿವು

ಮುಂಬಯಿಯ ಮಾಟುಂಗಾದ ಓದುಗರೊಬ್ಬರು: ನನ್ನ ಅಣ್ಣನ ಮಗ ಅಂಧೇರಿಯಲ್ಲಿ ಕೆಲಸದಲ್ಲಿದ್ದಾನೆ. ಫೋನಿನಲ್ಲಿ ಕ್ರಿಕೆಟ್ ಬೆಟ್ಟಿಂಗ್ ಆಡುತ್ತಾನೆ. ಕೇಳಿದರೆ, ಎಲ್ಲರೂ ಆಡುವಷ್ಟೇ ಆಡುತ್ತೇನೆ ಎನ್ನುತ್ತಾನೆ. ಆಟಗಾರರ ವರ್ತನೆಯ ದತ್ತಾಂಶದಿಂದ ಚಟವನ್ನು ಗುರುತಿಸಬಹುದೆಂದು ಓದಿದ್ದೇನೆ. ಅದು ಹೇಗೆ?

ಉತ್ತರ: ಎಲ್ಲರೂ ಎಷ್ಟು ಆಡುತ್ತಾರೆ ಎಂಬುದನ್ನೇ ಮೊದಲು ನೋಡೋಣ. ಮಟ್ಕಾದ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ. ಚೀಟಿ ಬರೆದವನಿಗೂ ಬರೆಸಿದವನಿಗೂ ಬಿಟ್ಟರೆ ಆ ಲೆಕ್ಕ ಮತ್ತಾರಿಗೂ ತಿಳಿಯುತ್ತಿರಲಿಲ್ಲ. ಆನ್‌ಲೈನ್ ಜೂಜಿನಲ್ಲಾದರೋ ಪ್ರತಿಯೊಂದು ಪಣವೂ ತನ್ನ ಹೊತ್ತು, ಮೊತ್ತ, ಸೋಲು-ಗೆಲುವಿನೊಡನೆ ದಾಖಲಾಗುತ್ತದೆ. ಹಾರ್ವರ್ಡ್ ವೈದ್ಯಕೀಯ ಶಾಲೆಯೊಡನೆ ಸಂಬಂಧವಿರುವ ವ್ಯಸನ ಅಧ್ಯಯನ ವಿಭಾಗದವರು, 2005ರ ಫೆಬ್ರವರಿಯಲ್ಲಿ ಯುರೋಪಿನ ಬ್ವಿನ್ ಜಾಲತಾಣದಲ್ಲಿ ಖಾತೆ ತೆರೆದ ಸುಮಾರು 40,000 ಕ್ರೀಡಾ ಜೂಜುಗಾರರ ದಾಖಲೆಗಳನ್ನು ಎಂಟು ತಿಂಗಳ ಅವಧಿಗೆ ಪರಿಶೀಲಿಸಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಂದ್ಯದ ಕೊನೆಯ ಫಲಿತಾಂಶದ ಮೇಲೆ ಪಣ ಕಟ್ಟುವವರಲ್ಲಿ ನಡುಮಟ್ಟದ ಆಟಗಾರ ನಾಲ್ಕು ದಿನಕ್ಕೊಮ್ಮೆ, ತಲಾ 4 ಯೂರೋದಂತೆ ಎರಡು-ಮೂರು ಪಣ ಕಟ್ಟುತ್ತಿದ್ದ. ಅಂದರೆ ಬಹುಪಾಲು ಜನರ ಆಟ ಮಿತವಾಗಿಯೇ ಇತ್ತು. ಒಂದು ಸಣ್ಣ ಗುಂಪಿನ ಲೆಕ್ಕ ಮಾತ್ರ ಉಳಿದವರಿಂದ ಬಹಳ ದೂರದಲ್ಲಿತ್ತು. ಎಲ್ಲರಷ್ಟೇ ಎನ್ನುವ ಮಾತು ನಿಜವೋ ಅಲ್ಲವೋ ಎಂಬುದನ್ನು ಹೀಗೆ ಅಳೆದು ನೋಡಲು ಸಾಧ್ಯ.

ಅದೇ ವಿಭಾಗದವರು ಬಳಿಕ ಖಾತೆ ತೆರೆದ ಮೊದಲ ತಿಂಗಳನ್ನಷ್ಟೇ ತೆಗೆದುಕೊಂಡು ನೋಡಿದರು. ಪದೇ ಪದೇ ಆಡುವುದು, ಒಂದೇ ದಿನ ಬಹಳಷ್ಟು ಪಣ ಕಟ್ಟುವುದು, ಮೊತ್ತ ಒಮ್ಮೆ ಚಿಕ್ಕದು ಒಮ್ಮೆ ದೊಡ್ಡದು ಎಂಬಂತೆ ಏರುಪೇರಾಗುವುದು, ದಿನ ಕಳೆದಂತೆ ಮೊತ್ತ ಬೆಳೆಯುತ್ತ ಹೋಗುವುದು, ಈ ನಾಲ್ಕೂ ಒಟ್ಟಿಗೆ ಕಂಡ ಸಣ್ಣ ಗುಂಪಿನಲ್ಲಿ ಹೆಚ್ಚಿನವರು ಮುಂದೆ ಜೂಜಿನ ತೊಂದರೆಯೆಂದೇ ಕಾರಣ ಕೊಟ್ಟು ಖಾತೆ ಮುಚ್ಚಿದ್ದರು. ನನ್ನ ದೃಷ್ಟಿಯಲ್ಲಿ ಇಲ್ಲಿಯ ಮುಖ್ಯ ಸಂಗತಿ ಇದು: ಎಷ್ಟು ಹಣ ಹೋಯಿತು ಎಂಬುದಕ್ಕಿಂತ ಅದು ಹೋದ ಬಗೆ ಹೆಚ್ಚು ಹೇಳುತ್ತದೆ. ತಿಂಗಳಿಗೆ ಹತ್ತು ಸಾವಿರ ಕಳೆದುಕೊಳ್ಳುವ ಸಿರಿವಂತನಿಗೆ ಚಟವಿಲ್ಲದಿರಬಹುದು, ಎರಡು ಸಾವಿರ ಕಳೆದುಕೊಳ್ಳುವ ಹೋಟೆಲ್ ಕಾರ್ಮಿಕನಿಗೆ ಇರಬಹುದು. ಧರ್ಮರಾಯ ಪಗಡೆಯಲ್ಲಿ ಸಂಪತ್ತನ್ನು ಸೋತ ಮೇಲೆ ತಮ್ಮಂದಿರನ್ನು, ಆಮೇಲೆ ತನ್ನನ್ನು, ಕೊನೆಗೆ ದ್ರೌಪದಿಯನ್ನು ಪಣಕ್ಕಿಟ್ಟನಲ್ಲ, ಸೋಲಿನ ಬೆನ್ನಿಗೇ ದೊಡ್ಡ ಪಣ ಕಟ್ಟುವ ಆ ನಡೆಯನ್ನೇ ಸಂಶೋಧಕರು ಖಾತೆಗಳಲ್ಲಿ ಹುಡುಕುತ್ತಾರೆ. ಒಂದೇ ರಾತ್ರಿಯಲ್ಲಿ ಹಲವು ಸಲ ಹಣ ತುಂಬುವುದು, ಖಾತೆಯಲ್ಲಿ ದುಡ್ಡಿಲ್ಲದೆ ಪಾವತಿ ವಿಫಲವಾಗುವುದು, ಗೆದ್ದ ಹಣವನ್ನು ಬ್ಯಾಂಕಿಗೆ ಕಳಿಸಲು ಕೋರಿಕೆ ಸಲ್ಲಿಸಿ, ಅದು ತಲುಪುವ ಮೊದಲೇ ರದ್ದುಮಾಡಿ ಮತ್ತೆ ಆಟಕ್ಕೆ ಹಾಕುವುದು ಕೂಡ ಗಮನಿಸತಕ್ಕ ಸುಳಿವುಗಳು. ಇಂತಹ ರದ್ದತಿಗೆ ಅವಕಾಶ ಕೊಡದಂತೆ ಬ್ರಿಟನ್ನಿನ ಜೂಜು ಆಯೋಗವು 2021ರಲ್ಲಿ ಕಂಪನಿಗಳಿಗೆ ನಿಯಮ ವಿಧಿಸಿತು.

ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಓದುಗರು: ಇಂತಹ ದತ್ತಾಂಶದಿಂದ ತಯಾರಾದ ಕಂಪ್ಯೂಟರ್ ಮಾದರಿ ಒಬ್ಬನನ್ನು ಚಟಗಾರನೆಂದು ಗುರುತಿಸಿದರೆ ಅದನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ: ಎಚ್ಚರಿಕೆಯ ಗಂಟೆಯೆಂದು ನಂಬಬಹುದು, ರೋಗನಿರ್ಣಯವೆಂದು ನಂಬಲಾಗದು. ಲೆಕ್ಕಕ್ಕಾಗಿ ಹೀಗೆ ಊಹಿಸಿಕೊಳ್ಳಿ: 1,000 ಆಟಗಾರರಲ್ಲಿ 20 ಮಂದಿಗೆ ನಿಜವಾಗಿ ಚಟವಿದೆ, ಮಾದರಿಯು ಅವರಲ್ಲಿ 16 ಮಂದಿಯನ್ನು ಹಿಡಿಯುತ್ತದೆ, ಚಟವಿಲ್ಲದ 980 ಮಂದಿಯಲ್ಲಿ ನೂರಕ್ಕೆ ಹತ್ತರಂತೆ 98 ಮಂದಿಯನ್ನೂ ತಪ್ಪಾಗಿ ಹಿಡಿಯುತ್ತದೆ. ಆಗ ಗುರುತಿಸಲ್ಪಟ್ಟ 114 ಮಂದಿಯಲ್ಲಿ ಏಳಕ್ಕೆ ಒಬ್ಬರು ಮಾತ್ರ ನಿಜವಾದ ಚಟಗಾರರು. ಅಂಥವರಿಗೆ ಕಂಪನಿ ಒಂದು ಸಂದೇಶ ಕಳಿಸಿ ವಿಚಾರಿಸಿದರೆ ಯಾರಿಗೂ ನಷ್ಟವಿಲ್ಲ. ಆದರೆ ಆ ಪಟ್ಟಿ ಸಾಲ ಕೊಡುವವರ ಕೈಗೋ ಉದ್ಯೋಗದಾತರ ಕೈಗೋ ಹೋದರೆ ತೊಂಬತ್ತೆಂಟು ಮಂದಿಗೆ ಅನ್ಯಾಯ.

ನಿಮ್ಮ ವೃತ್ತಿಯವರು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಮಾದರಿಗೆ ಕಲಿಸುವಾಗ ಯಾರನ್ನು ಚಟಗಾರರೆಂದು ತೋರಿಸಲಾಯಿತು? ಅನೇಕ ಅಧ್ಯಯನಗಳಲ್ಲಿ, ತಮ್ಮನ್ನು ಆಟದಿಂದ ಹೊರಗಿಡಿ ಎಂದು ತಾವೇ ಕೋರಿದವರನ್ನು ಚಟಗಾರರ ಸ್ಥಾನದಲ್ಲಿ ಇಡಲಾಗುತ್ತದೆ. ಆದರೆ ಕಂಪನಿಯ ಮೇಲಿನ ಸಿಟ್ಟಿಗೆ ಹಾಗೆ ಕೋರುವವರೂ ಇದ್ದಾರೆ, ಚಟವಿದ್ದೂ ಎಂದಿಗೂ ಕೋರದವರೂ ಇದ್ದಾರೆ. ಇದರ ಬದಲಿಗೆ ಆಟಗಾರರಿಗೇ ಪ್ರಶ್ನಾವಳಿ ಕೊಟ್ಟು, ಉತ್ತರಗಳನ್ನು ಖಾತೆಯ ದಾಖಲೆಯೊಡನೆ ಜೋಡಿಸುವ ಕ್ರಮವೂ ಇದೆ. ಕೆನಡಾದಲ್ಲಿ ರೂಪುಗೊಂಡ ಒಂಬತ್ತು ಪ್ರಶ್ನೆಗಳ ಸೂಚ್ಯಂಕದಲ್ಲಿ 27ಕ್ಕೆ 8 ಅಥವಾ ಹೆಚ್ಚು ಅಂಕ ಬಂದರೆ ತೊಂದರೆ ಗಂಭೀರವೆಂದು ಲೆಕ್ಕ. ಅಲ್ಲದೆ ಒಂದು ಕಂಪನಿಗೆ ಕಾಣುವುದು ಒಂದು ಖಾತೆ ಮಾತ್ರ, ಮನುಷ್ಯ ನಾಲ್ಕು ಆ್ಯಪ್‌ಗಳಲ್ಲಿ ಆಡುತ್ತಿರಬಹುದು. ಇನ್ನು, ಹೆಚ್ಚು ಸೋಲುವವನನ್ನು ಗುರುತಿಸಲು ನೆರವಾಗುವ ದತ್ತಾಂಶವೇ ಅವನಿಗೆ ಬೋನಸ್ಸಿನ ಆಸೆ ತೋರಿಸಲೂ ಒದಗುತ್ತದೆ ಎಂಬುದು ನನಗೆ ಎಲ್ಲಕ್ಕಿಂತ ಕಳವಳದ ವಿಷಯ. ಕಾವಲು ಕಾಯುವ ಕೆಲಸವನ್ನು ಕಂಪನಿಯೊಂದಕ್ಕೇ ಬಿಡಬಾರದೆಂದು ನಾನು ಹೇಳುವುದು ಇದಕ್ಕಾಗಿಯೇ.

ಗೋವಾದ ವಾಸ್ಕೊದ ಓದುಗರು: ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂದಿದೆ. ಹಾಗಿದ್ದ ಮೇಲೆ ಈ ದತ್ತಾಂಶದಿಂದ ಮನೆಯವರಿಗೆ ಏನು ಪ್ರಯೋಜನ?

ಉತ್ತರ: 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆ ಕಾಯ್ದೆ, ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವೆಣಿಸದೆ ಹಣದ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುತ್ತದೆ, ಶಿಕ್ಷೆ ಆಡಿಸುವವರಿಗೆ, ಆಡುವವರಿಗಲ್ಲ. ನಿಮ್ಮ ಮಾಂಡವಿ ನದಿಯ ಕ್ಯಾಸಿನೊ ಹಡಗುಗಳು ಆನ್‌ಲೈನ್ ಆಟಗಳಲ್ಲವಾದ್ದರಿಂದ ಅವುಗಳ ಮಾತು ಬೇರೆ. ಆಟ ವಿದೇಶದ ಕಳ್ಳ ಜಾಲತಾಣಗಳಿಗೆ ಸರಿದರೆ ಆ ದಾಖಲೆ ನಮ್ಮ ಸಂಶೋಧಕರ ಕೈಗೆ ಸಿಗಲಾರದು. ಆದರೆ ಹಣ ಹೊರಟದ್ದು ಬ್ಯಾಂಕಿನಿಂದಲೇ ಆದ್ದರಿಂದ ಅದರ ಗುರುತು ಸ್ಟೇಟ್‌ಮೆಂಟಿನಲ್ಲಿ ಉಳಿಯುತ್ತದೆ. ಬ್ರಿಟನ್ನಿನಲ್ಲಿ ಲಾಯ್ಡ್ಸ್ ಬ್ಯಾಂಕಿನ ಲಕ್ಷಾಂತರ ಗ್ರಾಹಕರ ವಹಿವಾಟನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವು, ಜೂಜಿನ ಖರ್ಚು ಏರಿದಂತೆ ಸಾಲದ ಕಂತು ತಪ್ಪುವಂತಹ ಹಣಕಾಸಿನ ತೊಂದರೆಗಳೂ ಹೆಚ್ಚುವುದನ್ನು ತೋರಿಸಿತು. ಅಲ್ಲಿ ಬಳಸಿದ್ದೂ ಬ್ಯಾಂಕಿನ ದಾಖಲೆಯನ್ನೇ.

ಮನೆಯವರು ಕದ್ದು ಫೋನ್ ನೋಡುವುದು ಬೇಡ. ಆಡುವವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಮೂರು ತಿಂಗಳ ಯುಪಿಐ ಪಾವತಿಗಳನ್ನು ಇಳಿಸಿಕೊಂಡು, ಸಂಬಳ ಬಂದ ವಾರದಲ್ಲಿ ಎಷ್ಟು ಹೋಯಿತು, ನಡುರಾತ್ರಿಯ ಬಳಿಕ ಎಷ್ಟು ಸಲ ಹೋಯಿತು, ಸಾಲದ ಆ್ಯಪ್‌ನಿಂದ ಬಂದ ಹಣ ಅದೇ ದಿನ ಎಲ್ಲಿಗೆ ಹೋಯಿತು ಎಂದು ಅವನ ಕೈಯಿಂದಲೇ ಗುರುತು ಹಾಕಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಕರೆ ಮಾಡುವಾಗ ಆ ಕಾಗದ ಎದುರಿಗಿದ್ದರೆ ಸಲಹೆಗಾರರಿಗೆ ಅಂದಾಜು ಹೇಳುವ ಬದಲು ಇದ್ದದ್ದನ್ನು ಇದ್ದಂತೆ ಓದಿ ಹೇಳಬಹುದು.